ಮನೆತನದ ಮೊದಲ ಪದವಿ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಿನ ವಡ್ಡು, ಅದಿರಿನ ಸಂಡೂರು, ಭತ್ತ-ಕಬ್ಬಿನ ಕಂಪ್ಲಿ: ಈ ಸೀಮೆಯಿಂದ ಹೊಸಪೇಟೆ, ಬಳ್ಳಾರಿಯ ಕಾಲೇಜುಗಳಿಗೆ ಬರುವವರಲ್ಲಿ ಮನೆತನಕ್ಕೇ ಮೊದಲಿಗರಾಗಿ ಪದವಿ ಓದುವವರು ಇದ್ದೇ ಇರುತ್ತಾರೆ. ಇವರಿಗಾಗಿ ಸರ್ಕಾರ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟು ಸ್ಥಳೀಯರಿಗೆ ಮೀಸಲಾಯಿತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳ ಹಣವಿದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸೂ ಪುಕ್ಕಟೆ. ಆದರೆ ಸೀಟು, ವಿದ್ಯಾರ್ಥಿವೇತನದ ಲೆಕ್ಕಾಚಾರದಲ್ಲಿ ಊರು, ಜಾತಿ, ಆದಾಯ ನೋಡುವವರು, ಮನೆಯಲ್ಲಿ ಕಾಲೇಜು ಕಂಡವರು ಯಾರಾದರೂ ಇದ್ದಾರೆಯೇ ಎಂದು ಕೇಳುವುದಿಲ್ಲ. ಏರ್ಪಾಡು ಸೋಲುವುದು ಅಲ್ಲೇ.

ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕುವ ಅರ್ಜಿಯನ್ನೇ ನೋಡಿ. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ನಂಬರ್ ಬೇಕು; ಅಂಕಪಟ್ಟಿಯ ಹೆಸರು ಆಧಾರ್‌ಗೆ ಹೊಂದಬೇಕು; ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದರೆ ನಾಡಕಚೇರಿಗೂ ಸೈಬರ್ ಸೆಂಟರಿಗೂ ಅಲೆದಾಟ ಶುರು. ಗಣಿ ಲಾರಿ ಓಡಿಸುವ ಅಪ್ಪ, ನಾಟಿಗೆ ಹೋಗುವ ಅವ್ವ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಬಂದಾರು. ಯಾವ ಕಾಗದ ಮೊದಲು, ಯಾವುದು ಆಮೇಲೆ ಎಂದು ಹೇಳಿಕೊಡಲಾರರು. ಯಾವ ವಿಷಯ ಹಿಡಿದರೆ ಬಿ.ಇಡಿ.ಗೆ ದಾರಿ, ಬ್ಯಾಕ್‌ಲಾಗ್ ಉಳಿದರೆ ಮುಂದೇನು ಎಂಬುದೆಲ್ಲ ಮೇಷ್ಟ್ರ ಮನೆಯ ಹುಡುಗನಿಗೆ ಉಣ್ಣುವಾಗಲೇ ಕಿವಿಗೆ ಬಿದ್ದಿರುತ್ತದೆ. ಅದು ಯಾರ ಖಾತೆಗೂ ಜಮಾ ಆಗುವಂಥದ್ದಲ್ಲ. ವಿದ್ಯಾರ್ಥಿವೇತನ ತಡವಾದ ತಿಂಗಳಲ್ಲಿ ಗುತ್ತಿಗೆ ಕೆಲಸವೇ ವಾಸಿ ಎನಿಸಿದರೆ ತಡೆದು ನಿಲ್ಲಿಸುವವರೂ ಇರುವುದಿಲ್ಲ.

ಹಣ ನೇರ ಖಾತೆಗೆ ಬರುತ್ತಿದೆ, ಮಧ್ಯವರ್ತಿ ತೊಲಗಿದನಲ್ಲ ಎನ್ನಬಹುದು. ಹಣದ ಮಟ್ಟಿಗೆ ನಿಜ. ಅರ್ಜಿಯ ಮಧ್ಯವರ್ತಿ ಮಾತ್ರ ಸೈಬರ್ ಸೆಂಟರಿನಲ್ಲಿ ಕೂತಿದ್ದಾನೆ, ಅಷ್ಟೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: 'ಮೊದಲ ತಲೆಮಾರು' ಎಂಬ ಗುರುತು ಜಾತಿಯ ಪ್ರಶ್ನೆಯನ್ನು ಮರೆಮಾಚೀತು. ಜಾತಿಯ ಬದಲಿಗೆ ತಂದರೆ ಹಾಗಾಗುತ್ತದೆ, ಜೊತೆಗೆ ತಂದರೆ ಇಲ್ಲ. ತಮಿಳುನಾಡು 2010ರಲ್ಲಿ ಮನೆಯ ಮೊದಲ ಪದವೀಧರರಿಗೆ ವೃತ್ತಿ ಕೋರ್ಸುಗಳ ಶುಲ್ಕದಲ್ಲಿ ರಿಯಾಯಿತಿ ಕೊಟ್ಟಾಗ ಮೀಸಲಾತಿಗೆ ಕೈ ಹಚ್ಚಲಿಲ್ಲ. ಅದೂ ಹಣದ ನೆರವೇ ಎನ್ನಿ. ಅಮೆರಿಕದ 'ಟ್ರಿಯೊ' ಕಾರ್ಯಕ್ರಮಗಳು 1960ರ ದಶಕದಿಂದ ಇಂಥ ಮೊದಲಿಗರಿಗೆ ಪಾಠ ಹೇಳುವವರನ್ನೂ ದಾರಿ ತೋರುವವರನ್ನೂ ಕಾಲೇಜಿನೊಳಗೇ ಒದಗಿಸಿವೆ. ನಮ್ಮಲ್ಲಿ ಅಂಥವರಿಗೆ ಹಣ ಎಲ್ಲಿಂದ ಎಂದರೆ, ಜಿಲ್ಲಾ ಖನಿಜ ನಿಧಿಯ ಆದ್ಯತೆಗಳಲ್ಲಿ ಶಿಕ್ಷಣವೂ ಇದೆ. ಸಂಡೂರಿನ ಅದಿರು ತರುವ ಆ ಹಣದಲ್ಲಿ, ಪ್ರವೇಶದ ದಿನದಿಂದ ಪರೀಕ್ಷೆ ಮುಗಿಯುವವರೆಗೆ ಪ್ರತಿ ಸರ್ಕಾರಿ ಪದವಿ ಕಾಲೇಜಿನಲ್ಲಿ ಕೂತು ದಾರಿ ತೋರುವ ಒಬ್ಬರ ಸಂಬಳ, ಒಂದು ಹೊಸ ಕಟ್ಟಡದ ಖರ್ಚಿನ ಮುಂದೆ ಎಷ್ಟರದು?