ತಿಲತೈಲವೂ ಯಕೃದ್ರಕ್ಷಣೆಯೂ

ಎಳ್ಳೆಣ್ಣೆ, ಆಲಿವ್ ಎಣ್ಣೆ ಮೊದಲಾದ ಆಹಾರತೈಲಗಳು ಔಷಧಗಳಿಂದ ಯಕೃತ್ತಿಗೂ ಮೂತ್ರಪಿಂಡಕ್ಕೂ ಒದಗುವ ಹಾನಿಯನ್ನು ತಡೆಯುವುವೆಂದು ಇಲಿಗಳಲ್ಲಿ ಪರೀಕ್ಷಿಸಿ ಬರೆದ ಸಂಶೋಧನ ಲೇಖನಗಳು ಈಚೆಗೆ ಹೇರಳವಾಗಿ ಬಂದಿವೆ. ನಾನು ವೈದ್ಯನಲ್ಲ, ವಾಕ್ಯಾರ್ಥವಿಚಾರದಲ್ಲಿ ಕಾಲ ಕಳೆದವನು. ಆದರೂ ಆಯುರ್ವೇದವನ್ನು ಇದಕ್ಕೆ ಸಾಕ್ಷಿಯಾಗಿ ಕರೆಯುವುದುಂಟಾದುದರಿಂದ ಎರಡು ಮಾತು ಹೇಳಬೇಕಾಗಿದೆ.

ಚರಕಸಂಹಿತೆಯ ಸೂತ್ರಸ್ಥಾನದ 13ನೆಯ ಅಧ್ಯಾಯದಲ್ಲಿ ತೈಲಗಳಲ್ಲೆಲ್ಲ ತಿಲತೈಲವೇ ಮೇಲೆಂದಿರುವುದು ನಿಜ. ಆದರೆ ಅದು ಬಲಕ್ಕೆ, ಸ್ನೇಹನಕ್ಕೆ. ವಿಷವಿಚಾರ ಅಲ್ಲಿ ಪ್ರಕೃತವೇ ಅಲ್ಲ. ಚಿಕಿತ್ಸಾಸ್ಥಾನದಲ್ಲಿ ವಿಷವನ್ನು ಕುರಿತು ಹೇಳುವಾಗ ಹೃದಯಾವರಣಕ್ಕೆ ವಿಧಿಸಿರುವುದು ಜೇನು, ತುಪ್ಪ, ಹಾಲು ಮೊದಲಾದುವನ್ನು. ಒಂದು ಪ್ರಕರಣದ ಪ್ರಶಂಸೆಯನ್ನು ಮತ್ತೊಂದು ಪ್ರಕರಣದ ವಿಧಿಯನ್ನಾಗಿ ಮಾಡುವುದನ್ನು ಯಾವ ಮೀಮಾಂಸಕನೂ ಒಪ್ಪಲಾರನು.

ಇನ್ನು ಪ್ರಯೋಗದ ಮಾತು. ಪ್ಯಾರಾಸಿಟಮಾಲನ್ನು ನೋಡೋಣ. ಸೇವಿಸಿದುದರ ಬಹುಭಾಗ ನಿರಪಾಯವಾಗಿ ಮೂತ್ರದಲ್ಲಿ ಹೊರಬೀಳುವುದು. ಸ್ವಲ್ಪ ಭಾಗವು ಮಾತ್ರ ಯಕೃತ್ತಿನ ಕಿಣ್ವಗಳಿಂದ ತೀಕ್ಷ್ಣ ವಿಷವಾಗುವುದು. ಅದನ್ನು ಗ್ಲುಟಾಥಯೋನ್ ಎಂಬ ದ್ರವ್ಯ ಅಡಗಿಸುವುದು. ಮಾತ್ರೆ ಮಿತಿಮೀರಿದಾಗ ಗ್ಲುಟಾಥಯೋನ್ ಬರಿದಾಗಿ ಜೀವಕೋಶಗಳು ಸಾಯುವುವು. ಎಷ್ಟೋ ಪ್ರಯೋಗಗಳಲ್ಲಿ ಎಣ್ಣೆಯನ್ನು ಮೊದಲೇ ಹಲವು ದಿನ ಕುಡಿಸಿ, ಆಮೇಲೆ ಔಷಧವನ್ನು ಕೊಡುವರು. ಹಾನಿ ಕಡಿಮೆಯಾಯಿತೆನ್ನೋಣ. ಎಣ್ಣೆಯು ಔಷಧದ ಹೀರಿಕೆಯನ್ನೇ ತಡಮಾಡಿತೊ, ಕಿಣ್ವವನ್ನು ಕುಗ್ಗಿಸಿ ವಿಷ ಹುಟ್ಟದಂತೆ ಮಾಡಿತೊ, ಹುಟ್ಟಿದ ವಿಷದಿಂದ ಕೋಶವನ್ನು ಕಾಯಿತೊ? ಈ ಮೂರನ್ನೂ ಬೇರ್ಪಡಿಸದೆ ‘ರಕ್ಷಕ’ವೆಂದರೆ ಹೇತು ಅಸಿದ್ಧ. ಎದುರು ಗುಂಪಿನ ಇಲಿಗಳಿಗೆ ಬರಿಯ ನೀರನ್ನು ಕೊಟ್ಟಿದ್ದರಂತೂ ಅನ್ವಯವಿದ್ದರೂ ವ್ಯತಿರೇಕವಿಲ್ಲ. ಅಷ್ಟೇ ಪ್ರಮಾಣದ ಬೇರೊಂದು ಎಣ್ಣೆಯನ್ನು ಕೊಟ್ಟು ನೋಡಿದಲ್ಲದೆ ಗುಣವು ಎಳ್ಳಿನದೆಂದು ಹೇಳುವಂತಿಲ್ಲ. ಅರ್ಬುದಕ್ಕೆ ಕೊಡುವ ಸಿಸ್‌ಪ್ಲಾಟಿನ್ನಿನ ವಿಷಯದಲ್ಲಿ ಮತ್ತೂ ಒಂದು ಶಂಕೆ: ಮೂತ್ರಪಿಂಡವನ್ನು ಕಾಯುವ ವಸ್ತುವು ಗಡ್ಡೆಯನ್ನೂ ಕಾಯದೆಂಬುದನ್ನು ತೋರಿಸಬೇಕು.

ಔಷಧವನ್ನು ಕೊಟ್ಟ ಮೇಲೆ ಎಣ್ಣೆ ಕೊಟ್ಟು ನೋಡಿದವರೂ ಉಂಟು. ಅವರ ಶ್ರಮಕ್ಕೆ ಹೆಚ್ಚು ಬೆಲೆ ಸಲ್ಲತಕ್ಕದ್ದು. ಆದರೂ ಅದು ಇಲಿಯ ಮಾತೇ.

ಶಬ್ದದ ಮೇಲೆ ಇಷ್ಟೇಕೆ ಹಟವೆಂದು ವಾಚಕರು ಕೇಳಬಹುದು. ‘ಯಕೃದ್ರಕ್ಷಕ’ವೆಂದು ಓದಿದ ಗೃಹಸ್ಥನು ಅದನ್ನು ಪ್ರತಿವಿಷವೆಂದೇ ತಿಳಿಯುವನು. ಪ್ಯಾರಾಸಿಟಮಾಲಿಗೆ ಮನುಷ್ಯರಲ್ಲಿ ನಿಶ್ಚಿತವಾದ ಪ್ರತಿವಿಷವು 1970ರ ದಶಕದಿಂದ ಬಳಕೆಯಲ್ಲಿರುವ ಅಸಿಟೈಲ್ ಸಿಸ್ಟೀನ್. ಬರಿದಾದ ಗ್ಲುಟಾಥಯೋನನ್ನು ಅದು ಮರಳಿ ತುಂಬುವುದು. ಸೇವಿಸಿದ 8 ಗಂಟೆಗಳೊಳಗೆ ಕೊಟ್ಟರೆ ಯಕೃತ್ತು ಬಹುಮಟ್ಟಿಗೆ ಉಳಿಯುವುದು. ಆ ಗಂಟೆಗಳಲ್ಲಿ ರೋಗಿಗೆ ಓಕರಿಕೆಯಲ್ಲದೆ ಬೇರೆ ಲಕ್ಷಣವೇ ತೋರದಿರಬಹುದು. ಎಣ್ಣೆಯ ಚಮಚವನ್ನು ನಂಬಿ ಆಸ್ಪತ್ರೆಗೆ ಹೋಗದೆ ಕುಳಿತ ಮನೆಯವರು ಕಳೆದುಕೊಳ್ಳುವುದು ಆ ಗಂಟೆಗಳನ್ನೇ.