ನೆರೆಯವರ ಪಟ್ಟಿಯನ್ನು ಎಷ್ಟು ನಂಬಬಹುದು?

ಸಿಸ್ಕೋ ಸ್ವಿಚ್ಚಿಗೆ ‘ಶೋ ಸಿಡಿಪಿ ನೇಬರ್ಸ್ ಡೀಟೇಲ್’ ಎಂಬ ಆದೇಶ ಕೊಟ್ಟು ನೋಡಿ. ನೆರೆಯ ಸಾಧನದ ಹೆಸರು, ಮಾದರಿ, ಐಪಿ ವಿಳಾಸ, ತಂತ್ರಾಂಶದ ಆವೃತ್ತಿ ಪರದೆಗೆ ಬರುತ್ತವೆ. ಸಿಸ್ಕೋ ಡಿಸ್ಕವರಿ ಪ್ರೊಟೊಕಾಲ್ ಎಂಬ ಹೆಸರಿನಲ್ಲಿ ‘ಶೋಧನೆ’ ಇದೆಯಾದರೂ ಸ್ವಿಚ್ ಏನನ್ನೂ ಶೋಧಿಸುವುದಿಲ್ಲ. ನೆರೆಯ ಸಾಧನ 60 ಸೆಕೆಂಡಿಗೊಮ್ಮೆ ತನ್ನ ಬಗ್ಗೆ ಹೇಳಿಕೊಂಡದ್ದನ್ನು ಪರೀಕ್ಷಿಸದೆ ಬರೆದಿಡುತ್ತದೆ, ಅಷ್ಟೆ. ಆ ಸಾಧನ ಮೌನವಾದರೂ ಹೆಸರು 180 ಸೆಕೆಂಡು ಉಳಿಯಬಹುದು. ನಡುವೆ ಸಿಡಿಪಿ ಅರಿಯದ ಅಗ್ಗದ ಸ್ವಿಚ್ ಇದ್ದರಂತೂ ಅದು ಸಂದೇಶವನ್ನು ಸುಮ್ಮನೆ ದಾಟಿಸುತ್ತದೆ. ಆಗ ದೂರದ್ದು ನೆರೆಯದಾಗುತ್ತದೆ, ನಡುವಿನದು ಪಟ್ಟಿಯಲ್ಲೇ ಇಲ್ಲ! 2005ರ ಐಟ್ರಿಪಲ್‌ಇ ಮಾನಕವಾದ ಎಲ್‌ಎಲ್‌ಡಿಪಿ ಇಲ್ಲಿ ಮೇಲು. ಮಾನಕ ಪಾಲಿಸುವ ಸ್ವಿಚ್‌ಗಳು ಅದರ ಸಂದೇಶವನ್ನು ದಾಟಿಸುವುದಿಲ್ಲ. ಆದರೆ ಹೇಳಿಕೆಯನ್ನು ದೃಢೀಕರಿಸುವ ಏರ್ಪಾಡು ಅದರಲ್ಲೂ ಇಲ್ಲ. ವಿದ್ಯಾರ್ಥಿಗಳಿಂದ ಜಾಲದ ನಕ್ಷೆ ಬರೆಸುವಾಗ ಪಟ್ಟಿಯ ಜೊತೆಗೆ ತಂತಿಯನ್ನೂ ಹಿಂಬಾಲಿಸಲು ಹೇಳಿ.