ರಥಬೀದಿಯ ಮಲ್ಲಿಗೆ ಚೆಂಡು

ಉಡುಪಿಯ ರಥಬೀದಿಯಲ್ಲಿ ಎಷ್ಟು ಅಂಗಡಿಗಳಿದ್ದರೂ ನನ್ನ ಕಾಲು ನಿಲ್ಲುವುದು ಹೂವಿನವರ ಬುಟ್ಟಿಯ ಮುಂದೆ. ಶಂಕರಪುರ ಮಲ್ಲಿಗೆಗೆ ಇಲ್ಲಿ ಚೆಂಡು, ಅಟ್ಟೆಯ ಲೆಕ್ಕ: ಚೆಂಡಿಗೆ ಸುಮಾರು 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಿರಿಯುವ ಮೊದಲೇ ಕೊಯ್ದ ಮೊಗ್ಗುಗಳನ್ನು ಬೆಳೆಗಾರರ ಮನೆಯ ಹೆಂಗಸರು ನೀರಲ್ಲಿ ನೆನೆಸಿದ ಬಾಳೆನಾರಿನಲ್ಲಿ ಕಟ್ಟುತ್ತಾರೆ. ಆ ಬೆರಳುಗಳನ್ನೇ ನೋಡಬೇಕು. ಸುತ್ತು ಬಿಗಿಯಾದರೆ ಎಳೆ ತೊಟ್ಟು ತುಂಡಾಗುತ್ತದೆ, ಸಡಿಲಾದರೆ ಮೊಗ್ಗು ಉದುರುತ್ತದೆ. ಮಾತಾಡುತ್ತಲೇ ಕಟ್ಟುವ ಅವರ ಕೈ ಎರಡನ್ನೂ ತಪ್ಪಿಸುತ್ತದೆ. ನೂಲಿನಲ್ಲಿ ಕಟ್ಟಿದ ಹೂ ನನಗೆ ಒಗ್ಗದು, ನಾರಿನ ತಂಪು ಅದಕ್ಕೆಲ್ಲಿ? ಇದೇ ಮಲ್ಲಿಗೆಗೆ ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಆ ಹೆಸರಿನಲ್ಲಿ ಈ ಬೆರಳುಗಳದ್ದೂ ಪಾಲಿದೆ. ಬಾಳೆಲೆಯಲ್ಲಿ ಸುತ್ತಿದ ಅಟ್ಟೆಗಳು ಮುಂಬೈಗೂ ಹೋಗುತ್ತವೆ. ಮದುವೆ, ದೈವದ ನೇಮದ ದಿನಗಳಲ್ಲಂತೂ ದರ ಎಷ್ಟೇ ಏರಲಿ, ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ.